ಸೌಂಡಣ್ಣ ಮಿಕ್ಸರ್ ಕೊಂಡದ್ದು

ಅವನ ನಿಜವಾದ ಹೆಸರು ಹೇಳಿದರೆ ನಮ್ಮ ಬೀದಿಯಲ್ಲಿ ಯಾರಿಗೂ ಗುರುತು ಹತ್ತುವುದಿಲ್ಲ. ಸೌಂಡಣ್ಣ ಎಂದರೆ ಸಾಕು, ಹಾಲಿನವನಿಂದ ಹಿಡಿದು ಅಂಚೆಯವನವರೆಗೆ ಎಲ್ಲರೂ ಇಸ್ತ್ರಿ ಅಂಗಡಿಯ ಪಕ್ಕದ ಹಸಿರು ಷಟರನ್ನು ತೋರಿಸುತ್ತಾರೆ. ಷಟರಿನೊಳಗೆ ಆಳೆತ್ತರದ ಎರಡು ಸ್ಪೀಕರುಗಳು, ಮೈಕಿನ ಸ್ಟ್ಯಾಂಡುಗಳು, ಹಾವಿನ ಹಾಗೆ ಸುತ್ತಿಟ್ಟ ವೈರುಗಳು. ಅದರ ಹಿಂದಿನ ಎರಡು ಕೋಣೆಗಳಲ್ಲಿ ಸಂಸಾರ. ಕಿಟಕಿಯ ಬಳಿ ಅವನ ಹೆಂಡತಿಯ ಹೊಲಿಗೆ ಯಂತ್ರ. ಪ್ಯಾಂಟಿನ ಅಂಚು ಮಡಿಸುವುದು, ಜಿಪ್ ಬದಲಿಸುವುದು, ಬೆಳೆಯುವ ಮಕ್ಕಳ ಯೂನಿಫಾರ್ಮು ಸಡಿಲಿಸುವುದು ಅವಳ ಕೆಲಸ. ಅವರಿಗೆ ಮಕ್ಕಳಿರಲಿಲ್ಲ. "ಮನೇಲಿ ಗಲಾಟೆ ಮಾಡೋಕೆ ಈ ಎರಡು ಸ್ಪೀಕರ್ ಇದಾವಲ್ಲ, ಸಾಲದಾ?" ಎಂದು ಅವಳು ನಗುತ್ತಿದ್ದಳು. ಆ ನಗೆಯ ತಳದಲ್ಲಿ ಏನಿತ್ತೋ ಯಾರೂ ಕೆದಕಲು ಹೋಗುತ್ತಿರಲಿಲ್ಲ.

ಒಂದು ಸೌಂಡ್ ಸರ್ವೀಸಿನಲ್ಲಿ ಪೆಟ್ಟಿಗೆ ಹೊರುವ ಕೂಲಿಯಾಗಿ ಸೇರಿದ ಸೌಂಡಣ್ಣ, ವೈರು ಎಳೆಯುತ್ತ, ಮೈಕು ಕಟ್ಟುತ್ತ, ಕೊನೆಗೆ ಹಾಡು ಹಾಕುವವನ ಕುರ್ಚಿಗೆ ಬಂದಿದ್ದ. ಮದುವೆಯ ಊಟದ ಹಾಲ್, ಆಫೀಸಿನ ವಾರ್ಷಿಕ ಕೂಟ, ಮಕ್ಕಳ ಹುಟ್ಟುಹಬ್ಬ, ಯಾವುದಾದರೂ ಸರಿ. ಡಿಜೆ ಅಂದರೆ ಎದೆ ಗುದ್ದುವ ಸದ್ದು ಅಂದುಕೊಂಡವರಿಗೆ ಅವನ ಕೆಲಸ ಮೊದಲು ಸಪ್ಪೆ ಅನ್ನಿಸುತ್ತಿತ್ತು. ಅವನು ಹಾಡನ್ನು ನೋಡುತ್ತಿರಲಿಲ್ಲ, ಜನರ ಕಾಲು ನೋಡುತ್ತಿದ್ದ. ಗೋಡೆಗೆ ಒರಗಿ ನಿಂತ ಯಾರದೋ ಅತ್ತೆಯ ಹಿಮ್ಮಡಿ ಏಳಲೋ ಬೇಡವೋ ಎಂದು ಅನುಮಾನಿಸುತ್ತಿದ್ದರೆ ಅದು ಅವನ ಕಣ್ಣಿಗೆ ಬೀಳುತ್ತಿತ್ತು. ಮುಂದಿನ ಹಾಡು ಆ ಹಿಮ್ಮಡಿಗೆ ಹಾಕಿದ್ದು.

ಅದಕ್ಕೆಲ್ಲ ಬೇಕಾದ ಯಂತ್ರವೇ ಮಿಕ್ಸರ್. ಬೀದಿಗೆ ಹೊಸದಾಗಿ ಬಂದ ಒಬ್ಬಾಕೆ, ಇವರ ಹತ್ತಿರ ಮಿಕ್ಸರ್ ರಿಪೇರಿಯಂತೆ ಎಂದು ಕೇಳಿಕೊಂಡು, ಅಡುಗೆಮನೆಯ ಮಿಕ್ಸಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದಿದ್ದಳು. ಸೌಂಡಣ್ಣ ಅವಳನ್ನು ಕೂರಿಸಿ ತೋರಿಸಿದ್ದ. ಎರಡು ಹಾಡುಗಳನ್ನು ಎರಡು ದಾರಿಯಲ್ಲಿ ಒಳಗೆ ಬಿಟ್ಟುಕೊಂಡು, ಒಂದನ್ನು ತಗ್ಗಿಸಿ ಇನ್ನೊಂದನ್ನು ಏರಿಸಿ, ಎಲ್ಲಿ ಬದಲಾಯಿತೆಂದು ಕುಣಿಯುವವರ ಕಾಲಿಗೂ ತಿಳಿಯದ ಹಾಗೆ ಬೆಸೆಯುವ ಪೆಟ್ಟಿಗೆ ಅದು. ಮೇಲೆ ಕೆಳಗೆ ಜಾರುವ ಫೇಡರುಗಳು, ತಿರುಗುವ ಗುಂಡಿಗಳು, ಸದ್ದು ಏರಿದಷ್ಟೂ ಹಸಿರಿನಿಂದ ಕೆಂಪಿಗೆ ಏರುವ ದೀಪಗಳು. "ಇದೂ ರುಬ್ಬೋದೇ ಅಕ್ಕ, ನುಣ್ಣಗೆ ರುಬ್ಬಬೇಕು ಅಷ್ಟೆ" ಅಂದಿದ್ದ. ಅವಳ ಮಿಕ್ಸಿಯನ್ನೂ ಸರಿ ಮಾಡಿಕೊಟ್ಟ.

ಸೌಂಡಣ್ಣನ ಆ ಮಿಕ್ಸರ್ ಬರಬರುತ್ತ ಮಂಕಾಗತೊಡಗಿತು. ಹಾಗಂತ ಅವನು ಹೇಳಿದ. ತಾಳದ ಚೂಪು ಹೋಗಿದೆ, ಹಾಡುವವಳ ದನಿಯ ಮೇಲೆ ಕಂಬಳಿ ಹೊದಿಸಿದ ಹಾಗಿದೆ, ಎಂದು ಗೊಣಗುತ್ತ, ಚೂಪು ಸದ್ದು ಏರಿಸುವ ಟ್ರೆಬಲ್ ಗುಂಡಿಯನ್ನು ಬಲಕ್ಕೆ ತಿರುಗಿಸುತ್ತಿದ್ದ. ಪ್ರತಿ ಕಾರ್ಯಕ್ರಮದಲ್ಲೂ ಇನ್ನೊಂದು ಕೂದಲೆಳೆಯಷ್ಟು ಬಲಕ್ಕೆ. ಯಾರೋ ಬಂದು "ಅಣ್ಣಾ, ಕಿವಿ ಕಿತ್ತು ಬರ್ತಿದೆ" ಎಂದರೆ ಸ್ಪೀಕರಿನ ಎದುರಿಗೆ ಕೂತಿದ್ದಾರೆ, ಪಾಪ, ಅಂದುಕೊಳ್ಳುತ್ತಿದ್ದ.

ಮನೆಯಲ್ಲೂ ಸಾಮಾನುಗಳು ಒಂದೊಂದಾಗಿ ಕೆಡತೊಡಗಿದವು. ಹಕ್ಕಿಯ ಹಾಗೆ ಚಿಲಿಪಿಲಿಗುಟ್ಟುವ ಬಾಗಿಲಿನ ಬೆಲ್ಲಿಗೆ ಅವನು ಸೆಲ್ ಬದಲಿಸಿದ, ಆಮೇಲೆ ಬೆಲ್ಲನ್ನೇ ಬದಲಿಸಿದ. ಫೋನಿನ ಕಂಪನಿಯವರು ರಿಂಗನ್ನೇ ಸಣ್ಣ ಮಾಡಿದ್ದಾರೆ ಎಂದು ಬೈದ. ಹೆಂಡತಿಯ ಮೇಲೂ ದೂರು ಇತ್ತು.

"ನೀನು ಬಾಯೊಳಗೇ ಗೊಣಗಿದ್ರೆ ಯಾರಿಗೆ ಕೇಳಿಸ್ಬೇಕು?"

"ಗೊಣಗ್ತಿಲ್ಲ ರೀ. ನಿಮಗೆ ಬೇಕಾದ್ದು ಮಾತ್ರ ಕೇಳಿಸುತ್ತೆ, ಬೇಡದ್ದು ಕೇಳಿಸಲ್ಲ. ಎಲ್ಲಾ ಗಂಡಸರದ್ದೂ ಇದೇ ಕಾಯಿಲೆ."

ಅವಳು ತಮಾಷೆಗೇ ಅಂದದ್ದು. ಅಕ್ಕಪಕ್ಕದ ಹೆಂಗಸರೂ ತಮ್ಮ ತಮ್ಮ ಗಂಡಂದಿರ ಬಗ್ಗೆ ಅದನ್ನೇ ಹೇಳುತ್ತಿದ್ದರಾದ್ದರಿಂದ ಅವಳಿಗೂ ಬೇರೆ ಅನುಮಾನ ಬಂದಿರಲಿಲ್ಲ.

ಆಗ ಆ ಮದುವೆ ಬಂತು. ಮಧ್ಯಾಹ್ನದ ಹೊತ್ತು, ಹಾಲ್ ತುಂಬ ಜನ. ಮದುಮಗಳ ತಂದೆ ಹಾರ್ಡ್‌ವೇರ್ ಅಂಗಡಿಯವರು, ಕೈ ಬಿಚ್ಚಿ ಖರ್ಚು ಮಾಡಿದ್ದರು. ಅವರ ಅಕ್ಕ, ವಯಸ್ಸಾದ ಹೆಂಗಸು, ಎಲ್ಲರೂ ಕರೆದರೆಂದು ಕುಣಿಯುವವರ ನಡುವೆ ಬಂದು ಕೈ ಆಡಿಸುತ್ತಿದ್ದರು. ಸೌಂಡಣ್ಣ ಅವರಿಗೆಂದೇ ಹಾಡು ಬದಲಿಸಿದ್ದ. ಎರಡು ಸುತ್ತು ತಿರುಗಿದವರು ಕಾಲು ಮಡಚಿ ಬಿದ್ದರು. ಸುತ್ತ ಜನ ಕವಿದುಕೊಂಡದ್ದರಿಂದ ಅವನಿಗೆ ಬಿದ್ದದ್ದು ಕಾಣಲಿಲ್ಲ. ಗುಂಪು ಒತ್ತಾದದ್ದು ಕಂಡಿತು, ಹುರುಪು ಏರಿತು ಅಂದುಕೊಂಡ. ಅಷ್ಟರಲ್ಲಿ ಮದುಮಗಳ ತಂದೆ ಜನರನ್ನು ನೂಕಿಕೊಂಡು ಅವನ ಮೇಜಿನ ಕಡೆ ಬಂದರು. ಎರಡೂ ಕೈ ಆಡಿಸುತ್ತ ಕೂಗುತ್ತಿದ್ದರು.

"ಸಾಕು! ಸಾಕು!"

ಅವನಿಗೆ ಕೇಳಿಸಿದ್ದು "ಹಾಕು, ಹಾಕು" ಎಂದು. ಅವನು ನಕ್ಕು, ತಲೆಯಾಡಿಸಿ, ಫೇಡರನ್ನು ಮೇಲಕ್ಕೆ ತಳ್ಳಿದ.

ಆ ಮನುಷ್ಯ ಬಗ್ಗಿ ಪ್ಲಗ್ಗನ್ನೇ ಕಿತ್ತೆಸೆದರು. ಹಾಲ್ ಒಮ್ಮೆಲೇ ಮೌನವಾಯಿತು. ಆ ಮೌನದ ನಡುವಿನಿಂದ ಮುದುಕಿ ನರಳಿದ್ದು ಎಲ್ಲರಿಗೂ ಕೇಳಿಸಿತು. "ಕಿವುಡಾ ನೀನು? ನಮ್ಮಕ್ಕ ಅಲ್ಲಿ ಬಿದ್ದು ಒದ್ದಾಡ್ತಿದ್ರೆ ನಗ್ತೀಯಲ್ಲೋ!" ಎಂದು ಮದುಮಗಳ ತಂದೆ ಕೂಗಿದರು. ಮುದುಕಿಯ ಸೊಂಟದ ಮೂಳೆ ಮುರಿದಿತ್ತು. ಹಾಡು ನಿಲ್ಲಿಸಿದ್ದರೂ ಮುರಿಯುತ್ತಿತ್ತು, ಅದು ಬೇರೆ ಮಾತು. ಆದರೆ ನಕ್ಕದ್ದು, ಸದ್ದು ಏರಿಸಿದ್ದು, ಎಲ್ಲರ ಫೋನಿನಲ್ಲೂ ಉಳಿದುಹೋಯಿತು.

ಮನೆಗೆ ಬಂದು ಅವನು ಹೇಳಿದ್ದು ಒಂದೇ ಮಾತು. "ಮಿಕ್ಸರ್ ಮಂಕಾಗಿದೆ ಅಂತ ನನ್ನ ಪಕ್ಕದ ಮಾನಿಟರ್ ಸ್ಪೀಕರ್ ಜೋರಾಗಿಟ್ಟಿದ್ದೆ. ಅದರ ಸದ್ದಲ್ಲಿ ಮನುಷ್ಯರ ಮಾತು ಹೇಗೆ ಕೇಳಿಸ್ಬೇಕು? ಈ ಡಬ್ಬ ಇನ್ನು ಬೇಡ."

ಡಬ್ಬವನ್ನು ಎತ್ತಿಕೊಂಡು ಅವನು ಹೋದದ್ದು ಬೆಸುಗೆ ತಾತನ ಬಳಿಗೆ. ಊರಿನ ಅರ್ಧ ಸ್ಪೀಕರುಗಳ ಹೊಟ್ಟೆ ಬಗೆದು ನೋಡಿದ ಮುದುಕ. ಹಳೆಯ ಸಾಮಾನು ಕೊಂಡು, ಸರಿ ಮಾಡಿ, ಮಾರುವವನು. ತಾತ ಮಿಕ್ಸರನ್ನು ಬಿಚ್ಚಿ, ಒರೆಸಿ, ಹಾಡು ಹಾಕಿ ಕೇಳಿ, ಮತ್ತೆ ಮುಚ್ಚಿದ.

"ಇದಕ್ಕೇನೂ ಆಗಿಲ್ಲ ಕಣೋ."

"ಮಂಕಾಗಿದೆ ತಾತ."

"ನಂಗೆ ಚೆನ್ನಾಗೇ ಕೇಳ್ತಿದೆ."

"ನಿಂಗೆ ವಯಸ್ಸಾಯ್ತು."

ತಾತ ಅವನ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದ. ಏನೋ ಹೇಳಬೇಕೆಂದು ಬಾಯಿ ತೆರೆದು, ಬೇಡವೆಂದು ಮುಚ್ಚಿಕೊಂಡ. ಮಿಕ್ಸರನ್ನು ಅಲ್ಲೇ ಮಾರಿ ಸೌಂಡಣ್ಣ ಎದ್ದ. ಅದು ಅದೇ ವಾರ ಬೇರೆ ಊರಿನ ಯಾರದೋ ಪಾಲಾಯಿತು.

ಹೊಸದು ಕೊಳ್ಳಲು ಗಂಡ ಹೆಂಡತಿ ಇಬ್ಬರೂ ಹೊರಟರು. ಕೂಡಿಟ್ಟದ್ದರಲ್ಲಿ ಅರ್ಧ ಹೊಲಿಗೆ ಯಂತ್ರದಿಂದ ಬಂದದ್ದಾದ್ದರಿಂದ ಅವಳು ಜೊತೆಗಿರುವುದು ನ್ಯಾಯವೇ. ದೊಡ್ಡ ಬೀದಿಯ ಅಂಗಡಿ, ಗಾಜಿನ ಬಾಗಿಲು, ಒಳಗೆ ತಣ್ಣನೆಯ ಗಾಳಿ. ಕೌಂಟರಿನ ಹುಡುಗಿ ಮರ್ಯಾದೆಯವಳು. ಎಷ್ಟರೊಳಗೆ ಬೇಕು ಸರ್ ಎಂದು ಮೊದಲೇ ಕೇಳಿ, ಅಷ್ಟರೊಳಗಿನ ಮೂರು ಮಿಕ್ಸರುಗಳನ್ನು ಸಾಲಾಗಿಟ್ಟಳು.

ಸೌಂಡಣ್ಣ ಮೊದಲನೆಯದಕ್ಕೆ ಹೆಡ್‌ಫೋನ್ ಸಿಕ್ಕಿಸಿ, ತನಗೆ ಬಾಯಿಪಾಠವಿದ್ದ ಹಾಡೊಂದನ್ನು ಹಾಕಿಕೊಂಡ. ಫೇಡರು ಜಾರಿಸಿ ನೋಡಿದ, ಬೆಣ್ಣೆಯ ಹಾಗಿತ್ತು. ದೀಪಗಳು ಚೆನ್ನಾಗಿದ್ದವು. ಆದರೆ ತಲೆಯಾಡಿಸಿದ. "ಮಂಕು."

ಎರಡನೆಯದು, ಮೂರನೆಯದು. "ಇದೂ ಮಂಕು."

"ಈ ರೇಟಿಗೆ ಇಷ್ಟೇ ಅನ್ಸುತ್ತೆ" ಎಂದು ಅವನು ಹೆಂಡತಿಗೆ ಪಿಸುಗುಟ್ಟಿದ. ಪಿಸುಮಾತು ಅಂಗಡಿಗೆಲ್ಲ ಕೇಳಿಸಿತು. ಹುಡುಗಿ ಸ್ವಲ್ಪ ಮೇಲಿನ ಬೆಲೆಯದು ತಂದಳು, ಅದರ ಮೇಲಿನದು ತಂದಳು. ಕೊನೆಗೆ ಅವನೇ ಗಾಜಿನ ಕಪಾಟಿನೊಳಗಿದ್ದ ಒಂದನ್ನು ಬೆರಳು ಮಾಡಿ ತೋರಿಸಿದ. "ಕೊಳ್ಳೋಕಲ್ಲಮ್ಮ. ಒಳ್ಳೇದು ಅಂದ್ರೆ ಹೇಗಿರುತ್ತೆ ಅಂತ ಒಂದ್ಸಲ ಕೇಳ್ಬೇಕು. ಆಮೇಲೆ ನಮ್ಮ ಕೈಗೆ ಎಟುಕೋದ್ರಲ್ಲಿ ಅದಕ್ಕೆ ಹತ್ತಿರದ್ದು ಯಾವ್ದು ಅಂತ ಆರಿಸ್ತೀನಿ."

ಹುಡುಗಿ ಬೀಗ ತೆಗೆದು ಅದನ್ನು ದೊಡ್ಡ ಸ್ಪೀಕರಿಗೇ ಜೋಡಿಸಿದಳು. ಹಾಡು ಶುರುವಾಯಿತು. ಸೌಂಡಣ್ಣ ಕಣ್ಣು ಮುಚ್ಚಿ ನಿಂತ. ಟ್ರೆಬಲ್ ಗುಂಡಿಗೆ ಕೈ ಹಾಕಿ ಬಲಕ್ಕೆ ತಿರುಗಿಸಿದ. ಇನ್ನೂ ಬಲಕ್ಕೆ. ಗುಂಡಿ ಇನ್ನು ತಿರುಗುವುದಿಲ್ಲ ಎಂದು ನಿಂತಿತು. ಕಣ್ಣು ತೆರೆದಾಗ ಹೆಂಡತಿ ಎರಡೂ ಅಂಗೈಗಳಿಂದ ಕಿವಿ ಒತ್ತಿ ಹಿಡಿದಿದ್ದಳು. ಬಾಗಿಲ ಬಳಿ ಇದ್ದ ಇಬ್ಬರು ಗಿರಾಕಿಗಳು ಮುಖ ಕಿವುಚಿ ಇವನನ್ನೇ ನೋಡುತ್ತಿದ್ದರು. ಹುಡುಗಿಯ ಕೈ ಅರ್ಧ ಮುಂದೆ ಬಂದು ನಿಂತಿತ್ತು. ತಡೆಯಬೇಕೋ ಬೇಡವೋ ಅವಳಿಗೆ ತಿಳಿಯುತ್ತಿರಲಿಲ್ಲ.

ಜನರ ಕಾಲು ನೋಡಿ ಜೀವನ ಮಾಡಿದವನಿಗೆ ಮುಖ ನೋಡಿ ಅರ್ಥವಾಗದೆ ಇರುತ್ತದೆಯೇ?

ಅವನು ಸದ್ದು ಇಳಿಸಿ ಹೆಂಡತಿಯನ್ನು ಕೇಳಿದ. "ನಿಂಗೆ ಹೇಗೆ ಕೇಳಿಸ್ತು?"

ಅವಳು ಸುಳ್ಳು ಹೇಳಬಹುದಿತ್ತು. ಹೇಳಲೆಂದು ಒಂದು ಕ್ಷಣ ಹುಡುಕಿಯೂ ಹುಡುಕಿದಳು. ಆಮೇಲೆ ಅವನಿಗೆ ತುಟಿ ಕಾಣುವ ಹಾಗೆ ಎದುರು ಬಂದು ನಿಂತಳು.

"ಸೂಜಿ ಚುಚ್ಚಿದ ಹಾಗೆ ರೀ."

"ಮೊದಲನೇದು?"

"ಮೊದಲನೇದೂ ಚೆನ್ನಾಗೇ ಇತ್ತು. ಎಲ್ಲಾದೂ ಚೆನ್ನಾಗೇ ಇದ್ವು."

ಅವನು ಹೆಡ್‌ಫೋನಿನ ವೈರನ್ನು ನೀಟಾಗಿ ಸುತ್ತಿ ಮೇಜಿನ ಮೇಲಿಟ್ಟ. ಹುಡುಗಿಗೆ ಕೈ ಮುಗಿದು, "ತೊಂದ್ರೆ ಕೊಟ್ವಮ್ಮ" ಎಂದು ಹೊರಗೆ ನಡೆದ. ಬಸ್ಸಿನಲ್ಲಿ ಅವಳು ಅವನ ತೋಳಿನ ಮೇಲೆ ಕೈ ಇಟ್ಟುಕೊಂಡಿದ್ದಳು. ಇಳಿಯುವ ಸ್ಟಾಪು ದಾಟಿ ಎರಡು ಸ್ಟಾಪು ಮುಂದೆ ಹೋದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಕಿವಿಯ ಡಾಕ್ಟರ ಬಳಿ ಹೋಗಲು ಅವನು ಒಪ್ಪಿದ್ದು ಬಹಳ ತಿಣುಕಾಡಿದ ಮೇಲೆ. ಗೋಡೆಗೆಲ್ಲ ಮೆತ್ತೆ ಹೊಡೆದ, ಒಬ್ಬರೇ ಕೂರುವಂಥ ಸಣ್ಣ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿಸಿದಾಗ ಒತ್ತಿ ಎಂದು ಕೈಗೊಂದು ಗುಂಡಿ ಕೊಟ್ಟರು. ಗಾಜಿನ ಆಚೆ ಪರೀಕ್ಷೆ ಮಾಡುವಾಕೆ ಕೂತಿದ್ದರು. ಮೊದಲು ದಪ್ಪ ದಪ್ಪ ಸದ್ದುಗಳು ಬಂದವು, ಒತ್ತಿದ. ಆಮೇಲೆ ಏನೂ ಬರಲಿಲ್ಲ. ಆದರೆ ಆಕೆಯ ಭುಜ ಒಂದಿಷ್ಟು ಅಲುಗಿದಾಗಲೆಲ್ಲ ಸದ್ದು ಬಿಡುತ್ತಿದ್ದಾರೆ ಎಂದು ಅವನು ಕಂಡುಕೊಂಡ. ಭುಜ ನೋಡಿ ಒತ್ತಿದ. ಮತ್ತೆ ಒತ್ತಿದ. ಆಕೆ ನಗಲಿಲ್ಲ, ಗದರಲಿಲ್ಲ. ಕುರ್ಚಿಯನ್ನು ಮೆಲ್ಲಗೆ ಬೇರೆ ಕಡೆ ತಿರುಗಿಸಿಕೊಂಡರು. ಸೌಂಡಣ್ಣ ಗುಂಡಿಯನ್ನು ತೊಡೆಯ ಮೇಲಿಟ್ಟು ಗೋಡೆಯನ್ನು ನೋಡುತ್ತ ಕೂತ.

ವರ್ಷಾನುಗಟ್ಟಲೆ ಸ್ಪೀಕರಿನ ಮಗ್ಗುಲಲ್ಲಿ ನಿಂತದ್ದೇ ಕಾರಣ ಎಂದು ಡಾಕ್ಟರು ಹೇಳಿದರು. ದಪ್ಪ ಸದ್ದು ಉಳಿದಿದೆ, ಚೂಪಾದ ಸಣ್ಣ ಸದ್ದು ಹೋಗಿದೆ. ಮಾತಿನಲ್ಲಿ ಸ, ಶ ಎಲ್ಲ ಆ ಸಣ್ಣ ಸದ್ದುಗಳೇ. ಹೋದದ್ದು ಬರುವುದಿಲ್ಲ. ಕಿವಿಗೆ ಮೆಷೀನು ಹಾಕಿಕೊಂಡರೆ ಮಾತು ತಿಳಿಯುತ್ತದೆ, ಸಂಗೀತ ಮೊದಲಿನ ಹಾಗೆ ಕೇಳಿಸುವುದಿಲ್ಲ. ಎರಡೂ ಕಿವಿಗೆ ಹಾಕಿದರೆ ಆಗುವ ಖರ್ಚು ಕೇಳಿದಾಗ ಹೆಂಡತಿ ಅವನ ಮುಖ ನೋಡಿದಳು. ಮಿಕ್ಸರಿಗೆಂದು ಇಟ್ಟದ್ದೆಲ್ಲ ಅದಕ್ಕೇ ಸರಿಹೋಗುತ್ತಿತ್ತು.

ಅಂದು ಮನೆಯಲ್ಲಿ ಆದ ಜಗಳ ಇಸ್ತ್ರಿ ಅಂಗಡಿಗೂ ಕೇಳಿಸಿತು.

"ಮೊದ್ಲು ಕಿವಿ. ಆಮೇಲೆ ಉಳಿದದ್ದು" ಅವಳು ಹೇಳಿದಳು.

"ಮಿಕ್ಸರ್ ಇಲ್ದೆ ಕಿವಿಗೆ ಮೆಷೀನ್ ಸಿಕ್ಕಿಸ್ಕೊಂಡು ಏನ್ ಕೇಳ್ಲಿ? ಹೊಟ್ಟೆ ತಾಳ ಹಾಕೋದನ್ನಾ?"

"ಮಿಕ್ಸರ್ ತಂದು ಏನ್ ಮಾಡ್ತೀರಿ? ಮತ್ತೆ ಯಾರಾದ್ರೂ ಸಾಕು ಅಂದ್ರೆ..."

ಅವಳು ಅಲ್ಲಿಗೆ ನಿಲ್ಲಿಸಿದಳು. ಅವನು ಗೋಡೆಗೆ ಒರಗಿ ಕೆಳಗೆ ಕೂತುಬಿಟ್ಟ. "ನಂಗೆ ಬೇರೇನೂ ಬರಲ್ಲ ಕಣೇ" ಅಂದ. ದೊಡ್ಡ ಗಂಟಲಿನ ಮನುಷ್ಯ ಅಷ್ಟು ಸಣ್ಣಗೆ ಮಾತಾಡಿದ್ದನ್ನು ಅವಳು ಅದುವರೆಗೆ ಕೇಳಿರಲಿಲ್ಲ.

ಅವಳು ಯಂತ್ರದ ಮುಂದಿನ ಸ್ಟೂಲನ್ನು ಎಳೆದು ಅವನೆದುರು ಕೂತಳು. "ನಿಮ್ಮ ಕಣ್ಣು ಕೆಟ್ಟಿಲ್ಲ. ಕೈ ಕೆಟ್ಟಿಲ್ಲ. ನನ್ನ ಕಿವಿ ಚೆನ್ನಾಗಿದೆ. ಸೂಜಿ ಮೊಂಡಾದ್ರೆ ಸದ್ದಲ್ಲೇ ಗೊತ್ತಾಗುತ್ತೆ ನಂಗೆ. ಒಂದು ಕಿವಿಗೆ ಮೆಷೀನ್ ಹಾಕ್ಸೋಣ. ಉಳಿದದ್ರಲ್ಲಿ ಸಣ್ಣದೊಂದು ಮಿಕ್ಸರ್ ನೋಡೋಣ. ಕೇಳೋದು ನಾನು ಕೇಳ್ತೀನಿ."

"ನೀನಾ? ಮದುವೆ ಹಾಲಲ್ಲಿ? ಹೆಡ್‌ಫೋನ್ ಹಾಕ್ಕೊಂಡು?"

"ಯಾಕೆ, ತಲೆ ಇಲ್ವಾ ನಂಗೆ?"

ಹೀಗೆ ಅವರು ಮತ್ತೆ ಮಿಕ್ಸರ್ ಆರಿಸಲು ಹೋದರು. ಈ ಸಲ ಗಾಜಿನ ಅಂಗಡಿಗಲ್ಲ, ಬೆಸುಗೆ ತಾತನ ಕಪಾಟಿಗೆ. ಸೌಂಡಣ್ಣ ಕೂರುವ ಮೊದಲೇ ವಿಷಯ ಹೇಳಿಬಿಟ್ಟ. ತಾತ ಕನ್ನಡಕ ತೆಗೆದು ಒರೆಸಿದ. "ಅವತ್ತೇ ಅನ್ನಿಸಿತ್ತು ಕಣೋ. ಬಾಯಿ ಬರ್ಲಿಲ್ಲ."

ಸೌಂಡಣ್ಣನ ಕಣ್ಣು ಮೊದಲು ಬಿದ್ದದ್ದು ನಾಲ್ಕು ದಾರಿಗಳ, ಬಗೆಬಗೆಯ ಮಿಂಚು ಗುಂಡಿಗಳ ಒಂದರ ಮೇಲೆ. ಹಳೆಯದಾದರೂ ಬೆಲೆ ಬಿಗಿಯಾಗೇ ಇತ್ತು. ಹೆಂಡತಿ ಕೇಳಿದಳು, "ಒಂದು ಹಾಡು ಹೋಗ್ತಿರುತ್ತೆ, ಇನ್ನೊಂದು ಬರ್ತಿರುತ್ತೆ. ಮಿಕ್ಕಿದ ಎರಡು ದಾರೀಲಿ ಯಾರು ಓಡಾಡ್ತಾರೆ?" ತಾತ ಗೊಳ್ಳೆಂದು ನಕ್ಕ. ಸೌಂಡಣ್ಣನಿಗೂ ನಗೆ ಬಂತು. ಮದುವೆ ಹಾಲಿನ ಆ ಮಧ್ಯಾಹ್ನದ ನಂತರ ಅವನು ನಕ್ಕದ್ದು ಅದೇ ಮೊದಲು.

ಆಮೇಲೆ ಆರಿಸುವುದು ಸರಾಗವಾಯಿತು. ಎರಡೇ ದಾರಿ ಸಾಕು. ಆದರೆ ಪ್ರತಿ ದಾರಿಗೂ ಬೇರೆ ಬೇರೆ ದೀಪಗಳ ಸಾಲು ಬೇಕು. ಕಿವಿ ಹೇಳದ್ದನ್ನು ಕಣ್ಣಿಗೆ ಅವು ಹೇಳಬೇಕು. ಮೈಕಿಗೆ ತನ್ನದೇ ಗುಂಡಿಗಳಿರಬೇಕು, ಭಾಷಣಕ್ಕೂ ಹಾಡಿಗೂ ಒಂದೇ ಟ್ರೆಬಲ್ ಆದರೆ ಮಾತು ಕೆಡುತ್ತದೆ. ಹೆಡ್‌ಫೋನಿಗೆ ಎರಡು ತೂತು ಬೇಕು, ಇಬ್ಬರೂ ಒಟ್ಟಿಗೆ ಕೇಳುವ ಹಾಗೆ. ತಾತ ನಾಲ್ಕಾರನ್ನು ಕೆಳಗಿಳಿಸಿದ. ಸೌಂಡಣ್ಣ ಫೇಡರುಗಳನ್ನು ಒಂದೇ ಬೆರಳಲ್ಲಿ ತಳ್ಳಿ ತಳ್ಳಿ, ಎಲ್ಲಿ ತಡೆಯುತ್ತದೆ, ಎಲ್ಲಿ ಸಡಿಲ ಎಂದು ನೋಡಿದ. ಅವಳು ಹೆಡ್‌ಫೋನು ಹಾಕಿಕೊಂಡು, ಹಾಡೇ ಇಲ್ಲದಾಗ ಏನು ಕೇಳಿಸುತ್ತದೆ ಎಂದು ಕೇಳಿದಳು. ಹಾಗೆ ಕೇಳಬೇಕೆಂದು ಹೇಳಿಕೊಟ್ಟವನು ಅವನೇ. ಒಂದರಲ್ಲಿ ಜೇನುನೊಣದ ಹಾಗೆ ಗುಂಯ್ ಅನ್ನುತ್ತಿತ್ತು. ಇನ್ನೊಂದರಲ್ಲಿ ಎಡಗಡೆ ಬಲಗಡೆಗಿಂತ ಸಣ್ಣ. ಒಂದು, ಮೈ ತುಂಬ ಗೀರು ಬಿದ್ದದ್ದು, ಟ್ರೆಬಲ್ ಗುಂಡಿಯ ಟೋಪಿಯೇ ಇಲ್ಲದ್ದು, ಸುಮ್ಮನಿತ್ತು.

"ಇದ್ರಲ್ಲಿ ಏನೂ ಇಲ್ಲ" ಅಂದಳು.

"ಏನೂ ಇಲ್ಲ ಅಂದ್ರೆ ಅದೇ ಒಳ್ಳೇದು" ಎಂದ ಸೌಂಡಣ್ಣ.

ಅದನ್ನೇ ಕೊಂಡರು. ಟೋಪಿಯಿಲ್ಲದ ಆ ಟ್ರೆಬಲ್ ಗುಂಡಿಗೆ ಅವಳು ಕೋಟಿನ ಗುಂಡಿಯೊಂದನ್ನು ಅಂಟಿಸಿದಳು.

ಒಂದು ಕಿವಿಗೆ ಮೆಷೀನು ಹಾಕಿಸಿಕೊಂಡು, ಕೆಲಸ ಮತ್ತೆ ಶುರು ಮಾಡುವ ಮೊದಲು ಸೌಂಡಣ್ಣ ಹಾರ್ಡ್‌ವೇರ್ ಅಂಗಡಿಯವರ ಮನೆಗೆ ಹೋದ. ಹೆಂಡತಿ ಹೊರಗೆ ನಿಲ್ಲುತ್ತೇನೆ ಅಂದಳು, ಅವನೇ ಒಳಗೆ ಕರೆದುಕೊಂಡ. ಆ ಮನುಷ್ಯ ಕೂರಿ ಅನ್ನಲಿಲ್ಲ. ಅವನು ನಿಂತೇ ಹೇಳಿದ.

"ಅವತ್ತು ನೀವು ಸಾಕು ಅಂದ್ರಿ. ನಂಗೆ ಹಾಕು ಅಂತ ಕೇಳಿಸ್ತು. ಕಿವಿ ಹೋಗಿದೆ ಸ್ವಾಮಿ. ಗೊತ್ತಿರ್ಲಿಲ್ಲ. ಗೊತ್ತು ಮಾಡ್ಕೊಳ್ಳೋಕೆ ಇಷ್ಟ ಇರ್ಲಿಲ್ಲ ಅಂತಾನೂ ಅನ್ನಬಹುದು."

ಅವರು ಕಿವಿಯ ಹಿಂದಿನ ಮೆಷೀನನ್ನು ನೋಡಿದರು. "ಇದನ್ನ ಮೊದ್ಲೇ ನೋಡ್ಕೋಬೇಕಿತ್ತು" ಎಂದಷ್ಟೇ ಹೇಳಿ ಕಿಟಕಿಯ ಕಡೆ ತಿರುಗಿದರು. ಕ್ಷಮಿಸಿದೆ ಅನ್ನಲಿಲ್ಲ. ಒಳಗಿನ ಕೋಣೆಯಿಂದ ವಾಕರ್ ಕುಟ್ಟಿಕೊಂಡು ಅವರ ಅಕ್ಕ ಬಂದರು. ಅವರು ಅವನನ್ನು ಮೇಲಿನಿಂದ ಕೆಳಗೆ ನೋಡಿ, ತಮ್ಮ ಬಲಗಿವಿ ಮುಟ್ಟಿ ತೋರಿಸಿದರು.

"ನಂದು ಇದು ಹೋಗಿ ಕಾಲ ಆಯ್ತಪ್ಪ. ಇವರಿಗ್ಯಾರಿಗೂ ಹೇಳಿಲ್ಲ. ಏನಾದ್ರೂ ಅಂದ್ರೆ ನಕ್ಕುಬಿಡ್ತೀನಿ. ನೀನೂ ಹಾಗೇ ನಕ್ಕೆ, ಅಲ್ವಾ?"

ಅವನು ಹೌದೆಂದು ತಲೆಯಾಡಿಸಿದ.

"ಇನ್ಮೇಲೆ ನಗಬೇಡ. ಏನಂದ್ರಿ ಅಂತ ಕೇಳು" ಎಂದ ಆಕೆ, ತಮ್ಮನ ಕಡೆ ತಿರುಗಿ, "ಇವರಿಗೆ ಕೂರೋಕೆ ಹೇಳೋ" ಅಂದರು. ತಮ್ಮ ಬಾಯಿ ತೆರೆದು ಅಕ್ಕನನ್ನೇ ನೋಡುತ್ತಿದ್ದರು.

ಎಲ್ಲರಿಗೂ ಹೇಳಿಬಿಡುವುದು ಎಂದು ಸೌಂಡಣ್ಣ ನಿರ್ಧರಿಸಿದ್ದು ಆ ಮನೆಯ ಮೆಟ್ಟಿಲಿಳಿಯುವಾಗ. ಹೇಳಿದ್ದಕ್ಕೆ ಬೆಲೆ ತೆರಬೇಕಾಯಿತು. ಕಿವಿ ಕೇಳದವನಿಂದ ಹಾಡು ಹಾಕಿಸುವುದು ಎಂದರೆ ಕಣ್ಣು ಕಾಣದವನಿಂದ ಗಾಡಿ ಓಡಿಸಿದ ಹಾಗೆ ಎಂದು ನಕ್ಕವರಿದ್ದರು. ದೊಡ್ಡ ಮದುವೆ ಹಾಲ್‌ನವರು ಕೈ ಬಿಟ್ಟರು. ಕೆಲವು ತಿಂಗಳು ಮನೆಯನ್ನು ಹೊಲಿಗೆ ಯಂತ್ರವೊಂದೇ ಎಳೆಯಿತು.

ಮೊದಲ ಕೆಲಸ ಕೊಟ್ಟದ್ದು ಒಂದು ಕ್ಲಿನಿಕ್ಕಿನವರು. ಅಲ್ಲಿನ ಹಿರಿಯ ನರ್ಸಿನ ನಿವೃತ್ತಿ, ಊಟದ ಕೋಣೆಯಲ್ಲೇ ಸಣ್ಣ ಕೂಟ. ಶುರುವಿಗೆ ಮೊದಲು ಸೌಂಡಣ್ಣ ಕೂಟದ ಮುಂದಾಳನ್ನು ಕರೆದು ಹೇಳಿದ: "ನಿಲ್ಲಿಸ್ಬೇಕು ಅಂದ್ರೆ ಬಾಯಲ್ಲಿ ಹೇಳ್ಬೇಡಿ. ಅಂಗೈ ಎತ್ತಿ ಹಿಡೀರಿ. ಯಾರು ಎತ್ತಿದ್ರೂ ನಿಲ್ಲಿಸ್ತೀನಿ." ಹೆಂಡತಿ ಹೆಡ್‌ಫೋನು ಹಾಕಿಕೊಂಡು ಕೋಟಿನ ಗುಂಡಿ ಹಿಡಿದು ಕೂತಳು. ಮೈಕು ಒಮ್ಮೆ ಕಿರುಚಿತು, ಅವಳು ಬೆಚ್ಚಿ ತಗ್ಗಿಸಿದಳು; ಅವನಿಗೆ ಅದು ಕೇಳಿಸಲೇ ಇಲ್ಲ. ಎರಡು ಹಾಡುಗಳ ನಡುವಿನ ಬೆಸುಗೆ ಒಂದು ಕಡೆ ಎದ್ದು ಕಾಣುವಷ್ಟು ಒರಟಾಯಿತು. ಯಾರೂ ದೂರಲಿಲ್ಲ. ಅವನು ಹಳೆಯ ಅಭ್ಯಾಸದಂತೆ ಕಾಲುಗಳನ್ನು ನೋಡುತ್ತಿದ್ದ. ನಿವೃತ್ತಿಯಾಗುವಾಕೆ ಮೇಜಿನ ಕೆಳಗೆ ಚಪ್ಪಲಿ ಕಳಚಿದ್ದು ಕಂಡು, ನಿಧಾನದ ಒಂದು ಹಳೆಯ ಹಾಡಿಗೆ ಬೆರಳು ಹಾಕಿದ. ಆಕೆ ಎದ್ದು ಬಂದರು.

ಈಗ ತಿಂಗಳಿಗೆ ಬೆರಳೆಣಿಕೆಯಷ್ಟು ಕೆಲಸ ಬರುತ್ತದೆ. ಫೋನು ಮಾಡುವವರು ಅಕ್ಕನೇ ಬರ್ತಾರಾ ಎಂದು ಕೇಳುವುದುಂಟು. ಟ್ರೆಬಲ್ ಅಷ್ಟೇ ಹಿಡಿದಿದ್ದವಳು ಈಗ ಒಂದು ಕಡೆಯ ಫೇಡರನ್ನೂ ಹಿಡಿಯುತ್ತಾಳೆ. ಪ್ರತಿ ಪರೀಕ್ಷೆಯಲ್ಲೂ ಅವನ ಕಿವಿ ಇನ್ನಷ್ಟು ಕೆಳಗಿಳಿದಿರುತ್ತದೆ. ಹಾಡು ನಡೆಯುವಾಗ ಅವನು ಮೆಷೀನನ್ನು ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾನೆ. ಅದರಲ್ಲಿ ಸಂಗೀತ ತಗಡಿನ ಹಾಗೆ ಕೇಳಿಸುತ್ತದಂತೆ. ಬದಲಿಗೆ ಎಡಗೈಯನ್ನು ಸ್ಪೀಕರಿನ ಮರದ ಮೇಲೆ ಇಟ್ಟುಕೊಂಡು ನಿಂತಿರುತ್ತಾನೆ.

ಮೊನ್ನೆ ಒಂದು ಹುಟ್ಟುಹಬ್ಬದಲ್ಲಿ ಯಾರೋ ಹತ್ತಿರ ಬಂದು, "ಹಾಡು ಚೆನ್ನಾಗಿದೆ ಅಣ್ಣಾ, ಯಾವುದಿದು?" ಎಂದರು. ಅವನು ನಗಲಿಲ್ಲ. ಕಿವಿಯ ಹಿಂದೆ ಅಂಗೈ ಹಿಡಿದು, ಬಗ್ಗಿ, "ಏನಂದ್ರಿ? ಇನ್ನೊಂದ್ಸಲ ಹೇಳಿ" ಎಂದ. ಅವರು ಮತ್ತೆ ಹೇಳಿದರು. ಅರ್ಥವಾಗಲಿಲ್ಲ. ಮೂರನೆಯ ಸಲ ಹೆಂಡತಿ ಹೆಡ್‌ಫೋನು ಸರಿಸಿ ಅವನ ಭುಜ ತಟ್ಟಿ, ತುಟಿ ಅಗಲಿಸಿ ಹೇಳಿದಳು. ಅವನಿಗೆ ತಿಳಿಯಿತು. ಹಾಡಿನ ಹೆಸರು ಹೇಳಿ, ಮತ್ತೆ ಜನರ ಕಡೆ ತಿರುಗಿದ.